ರ‍್ಯಾಪ್‌ನಲ್ಲಿ ಬರುವ ಪ್ರಾರ್ಥನೆಯನ್ನು ಪ್ರಾರ್ಥನೆ ಅಂತ ಒಪ್ಪಬಹುದಾ?

ಪಡುವಣ ಗಾಳಿ (ಮಂಗಳೂರು):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗ್ತದೆ, ಸಹಿಸಿಕೊಳ್ಳಿ.

ನಮ್ಮ ಇಗರ್ಜಿಯ ಯುವಜನರ ಕೂಟದಲ್ಲಿ ತಪಸ್ಸುಕಾಲದ (ಈಸ್ಟರ್ ಹಬ್ಬಕ್ಕೆ ಮೊದಲಿನ ಉಪವಾಸದ ದಿನಗಳು) ಒಂದು ಸಂಜೆ ಪಶ್ಚಾತ್ತಾಪದ ಬಗ್ಗೆ ಮಾತಾಡುವ ಸರದಿ ನನ್ನದಿತ್ತು. ಹದಿನೆಂಟು ಇಪ್ಪತ್ತರ ಮಕ್ಕಳು, ದಿನವಿಡೀ ಕಿವಿಯಲ್ಲಿ ರ‍್ಯಾಪ್. ಹಾಗಾಗಿ ಅಮೆರಿಕದ ರ‍್ಯಾಪರ್ ಡಿಎಂಎಕ್ಸ್‌ನ ಮೊದಲ ಆಲ್ಬಂನಲ್ಲಿರುವ ಪ್ರಾರ್ಥನೆ ಕೇಳಿಸಿದೆ. 1998ರದ್ದು. ಬೀಟ್ ಇಲ್ಲ, ವಾದ್ಯ ಇಲ್ಲ. ಆ ಒರಟು ಗಂಟಲು ದೇವರ ಎದುರು ನಿಂತು ಮಾತಾಡುವುದು, ಅಷ್ಟೇ. ಹೊಗಳಿಕೆಗಿಂತ ನೋವಿನ ಲೆಕ್ಕವೇ ಹೆಚ್ಚು. ಒಬ್ಬ ಹುಡುಗ ತಲೆ ತಗ್ಗಿಸಿದವ ಕೊನೆಯವರೆಗೆ ಎತ್ತಲಿಲ್ಲ.

ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹಿರಿಯರು ಎದ್ದರು. ಒಳ್ಳೆಯವರು, ನನಗೆ ಚಿಕ್ಕಂದಿನಲ್ಲಿ ಧರ್ಮೋಪದೇಶ ಕಲಿಸಿದವರು. "ಇದೇ ಆಲ್ಬಂನಲ್ಲಿ ಕೊಲೆ, ದರೋಡೆ, ಹೆಂಗಸರ ಬಗ್ಗೆ ಬಾಯಿಗೆ ತರಬಾರದ ಮಾತು ಎಲ್ಲ ಇದೆಯಂತೆ, ಹೌದಾ?" ಕೇಳಿದರು. ಹೌದು ಅಂದೆ. "ಮತ್ತೆ ಇದನ್ನು ದೇವರ ಮನೆಗೆ ಯಾಕೆ ತಂದೆ ಮಗಾ?" ನನ್ನಲ್ಲಿ ಆಗ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಮುಂದಿನ ವಾರ ಮತ್ತೆ ನನ್ನದೇ ಸರದಿ. ಕೆಂಡ್ರಿಕ್ ಲಮಾರ್ ಎಂಬ ಇನ್ನೊಬ್ಬ ರ‍್ಯಾಪರ್ ಬಗ್ಗೆ ಹೇಳಬೇಕು ಅಂತಿದ್ದೇನೆ, ಹಿರಿಯರಿಗೂ ಅರ್ಥ ಆಗುವ ಹಾಗೆ ಕನ್ನಡದಲ್ಲಿ. ಆದರೆ ಅದಕ್ಕಿಂತ ಮೊದಲು ನಿಮ್ಮನ್ನು ಕೇಳಬೇಕು: ನಾನು ತಪ್ಪು ಮಾಡಿದೆನಾ?

ಬೀಟ್ ಬಸವ (ದಾವಣಗೆರೆ):

ಅಣ್ಣ, ತಪ್ಪಿಲ್ಲ. ಆ ಆಲ್ಬಂನ ಪೂರ್ತಿ ಕೇಳಿದೋರಿಗೆ ಗೊತ್ತಾಗುತ್ತೆ, ಪ್ರಾರ್ಥನೆ ಅಲ್ಲಿ ಕೊನೆಗೆ ಅಂಟಿಸಿದ್ದಲ್ಲ. ಅದರಲ್ಲಿ 'ಡೇಮಿಯನ್' ಅಂತ ಹಾಡಿದೆ. ಕಷ್ಟದಲ್ಲಿರೋ ಹುಡುಗನ ಹತ್ರ ಒಬ್ಬ ಬರ್ತಾನೆ, ನಿನ್ನ ಕಾಯೋನು ನಾನೇ ಅಂತಾನೆ, ದುಡ್ಡು, ಹೆಸರು, ಕಾರು ಎಲ್ಲ ಕೊಡ್ತಾನೆ. ಆಮೇಲೆ ಸಾಲ ತೀರಿಸು ಅಂತ ರಕ್ತ ಕೇಳ್ತಾನೆ, ಕೊನೆಗೆ ಗೆಳೆಯನನ್ನೇ ಕೊಲ್ಲು ಅಂತಾನೆ. ಎರಡೂ ದನಿ ಡಿಎಂಎಕ್ಸ್‌ದೇ. ಸೈತಾನ ಹೊರಗಿಂದ ಬಂದೋನಲ್ಲ ಅನ್ನೋದು ಆ ಎರಡು ದನೀಲೇ ಇದೆ. ಅದೇ ಆಲ್ಬಂನಲ್ಲಿ 'ದ ಕಾನ್ವೋ' ಅಂತ ಇನ್ನೊಂದು, ಅದರಲ್ಲಿ ದೇವರ ಜೊತೆ ಮಾತು. ಬಂದೂಕು ಕೆಳಗಿಡು, ಹಾಡು ಬರಿ ಅಂತ ದೇವರು ಹೇಳೋದು.

ನಾನು ಮನೇಲಿ ಬೀಟ್ ಮಾಡ್ತೀನಿ. ಬೀಟ್ ತೆಗೆದು ಬರೀ ದನಿ ಬಿಡೋದಕ್ಕೆ ಎಷ್ಟು ಧೈರ್ಯ ಬೇಕು ಅಂತ ನನಗೆ ಗೊತ್ತು. ಕೇಳೋನು ತಾಳದ ಹಿಂದೆ ಅಡಗೋಕಾಗಲ್ಲ, ಹಾಡೋನೂ ಅಡಗೋಕಾಗಲ್ಲ.

ನಿವೃತ್ತ ಮೇಷ್ಟ್ರು (ತುಮಕೂರು):

ನಾನು ಕ್ರೈಸ್ತನಲ್ಲ, ರ‍್ಯಾಪ್ ಕೇಳುಗನೂ ಅಲ್ಲ. ಮೊಮ್ಮಗನ ದೆಸೆಯಿಂದ ಒಂದಿಷ್ಟು ಕೇಳಿದ್ದೇನೆ. ಒಂದು ಆಕ್ಷೇಪಣೆ ಇದೆ, ದಯವಿಟ್ಟು ತಪ್ಪು ತಿಳಿಯಬೇಡಿ.

ಕೊರಳಲ್ಲಿ ವಜ್ರದ ಶಿಲುಬೆ, ಬಾಯಲ್ಲಿ ಬಂದೂಕಿನ ಬಡಾಯಿ, ಕೊನೆಗೊಂದು ಪ್ರಾರ್ಥನೆ. ರ‍್ಯಾಪರ್ ಟುಪಾಕ್ ತೀರಿಕೊಂಡ ಎರಡೇ ತಿಂಗಳಿಗೆ, 1996ರ ನವೆಂಬರಿನಲ್ಲಿ ಬಂದ ಆಲ್ಬಂನ ಹೊದಿಕೆಯ ಮೇಲೆ ಅವನನ್ನೇ ಶಿಲುಬೆಗೇರಿಸಿದ ಚಿತ್ರ. ಪಾಪವೂ ಮಾರಾಟಕ್ಕೆ, ಪಶ್ಚಾತ್ತಾಪವೂ ಮಾರಾಟಕ್ಕೆ ಎಂದಾದರೆ ಆ ಪಶ್ಚಾತ್ತಾಪಕ್ಕೆ ಏನು ಬೆಲೆ? ಪಶ್ಚಾತ್ತಾಪವೆಂದರೆ ಮತ್ತೆ ಮಾಡದಿರುವುದು ತಾನೆ? ಆ ಹಿರಿಯರ ಪ್ರಶ್ನೆಯಲ್ಲಿ ಹುರುಳಿದೆ. ನ್ಯೂಯಾರ್ಕಿನ ಹಾರ್ಲೆಮ್‌ನ ಕರಿಯರ ಚರ್ಚಿನ ಪಾದ್ರಿಗಳೇ ಇದನ್ನು ಕೇಳಿದ್ದರಲ್ಲ. ಅಬಿಸಿನಿಯನ್ ಬ್ಯಾಪ್ಟಿಸ್ಟ್ ಚರ್ಚಿನ ಕ್ಯಾಲ್ವಿನ್ ಬಟ್ಸ್ 1993ರಲ್ಲಿ ಇಂಥ ಹಾಡುಗಳ ಕ್ಯಾಸೆಟ್, ಸಿಡಿಗಳ ಮೇಲೆ ರೋಡ್ ರೋಲರ್ ಹಾಯಿಸಲು ಹೊರಟಿದ್ದರು.

ಸಾಧನಕೇರಿ ಅಕ್ಕ (ಧಾರವಾಡ):

ಸರ್ರ, ನಿಮ್ಮ ಮಾತಿಗೆ ಸಿಟ್ಟಿಲ್ಲ. ಆದ್ರ ಒಂದು ಕೇಳ್ರಿ.

ನಮ್ಮ ಸಭೆಯೊಳಗ 51ನೇ ಕೀರ್ತನೆ ಓದತೇವಿ. ಅದನ್ನ ಹೇಳಿದಾಂವ ಯಾರು? ದಾವೀದ. ಬೇರೆಯವನ ಹೆಂಡ್ತಿನ ಕರಸ್ಕೊಂಡು, ಆಕಿ ಗಂಡನ್ನ ಯುದ್ಧದ ಮುಂದಿನ ಸಾಲಿಗೆ ನಿಲ್ಲಿಸಿ ಕೊಲ್ಲಿಸಿದ ಅರಸ. ಆ ಕತಿನೂ ಅದೇ ಪುಸ್ತಕದಾಗ ಐತಿ, ಕೀರ್ತನೆನೂ ಅದೇ ಪುಸ್ತಕದಾಗ ಐತಿ. ನಾವು ಕೀರ್ತನೆ ಇಟ್ಕೊಂಡು ಕತಿ ಹರದು ಒಗದಿಲ್ಲ. ಹಿರ‍್ಯಾರು ಕೇಳಿದ್ರಲ್ಲ, ಅದೇ ಆಲ್ಬಂನಾಗ ಕೊಲೆ ಐತೇನು ಅಂತ. ಬೈಬಲ್‌ನಾಗೂ ಐತ್ರಿ.

ಇನ್ನೊಂದು. ಚರ್ಚಿನವ್ರು ಇದು ಸೈತಾನನ ಸಂಗೀತ ಅನ್ನೂದು ರ‍್ಯಾಪಿಗೆ ಮೊದಲ ಸಲ ಅಲ್ಲ. ಥಾಮಸ್ ಡಾರ್ಸಿ ಅಂತ ಒಬ್ಬ ಬ್ಲೂಸ್ (ಅಮೆರಿಕದ ಕರಿಯರ ಹಳೇ ಹಾಡಿನ ಬಗಿ) ಪಿಯಾನೋದಾಂವ, ಪೋಲಿ ಹಾಡಿಗೇ ಹೆಸರಾದಾಂವ. 1932ರಾಗ ಹೆಂಡ್ತಿ ಹೆರಿಗಿಯೊಳಗ ತೀರಿಕೊಂಡ್ಲು, ಹುಟ್ಟಿದ ಕೂಸೂ ಉಳೀಲಿಲ್ಲ. ಆ ಸಂಕಟದಾಗ "ಕರ್ತನೇ, ನನ್ನ ಕೈ ಹಿಡಿ" ಅಂತ ಬರದ. ಅದೇ ಬ್ಲೂಸ್‌ನ ವರಸೆಯೊಳಗ. ಶಿಕಾಗೋದ ಎಷ್ಟೋ ಚರ್ಚು ಮೊದಲು ಇಂಥಾ ಸಂಗೀತನ ಒಳಗ ಬಿಡಲಿಲ್ಲ. ಇವತ್ತ ಆ ಹಾಡಿಲ್ಲದ ಕರಿಯರ ಚರ್ಚಿನ ಸಾವಿನ ಮನಿ ಸಿಗೂದು ಕಷ್ಟ.

ಓಕ್‌ಲ್ಯಾಂಡ್ ಕನ್ನಡಿಗ:

ಮೇಷ್ಟ್ರೇ, ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಪಕ್ಕದ ಮನೆಯ ಅಜ್ಜಿಯ ಜೊತೆ ಅವರ ಬ್ಯಾಪ್ಟಿಸ್ಟ್ ಚರ್ಚಿಗೆ ಆಗಾಗ ಹೋಗುತ್ತೇನೆ, ನಂಬಿಕೆಯಿಂದಲ್ಲ, ಅಜ್ಜಿಗೆ ಕಾರು ಓಡಿಸಲಾಗುವುದಿಲ್ಲ ಎಂದು. ಹಾಗೆ ಹೋಗಿ ಹೋಗಿ ಒಂದು ವಿಷಯ ತಲೆಗೆ ಹತ್ತಿತು. ಇಲ್ಲಿನ ಕರಿಯ ಜನಕ್ಕೆ 'ಪಾಪ' ಎಂಬ ಮಾತನ್ನು ಮೊದಲು ಕಲಿಸಿದವರೇ ಅವರನ್ನು ಕೊಂಡು ಮಾರಿದವರು. ಒಡೆಯನ ಮಾತು ಮೀರುವುದು ಪಾಪ, ಹಸಿವಿಗೆ ಅವನ ಉಗ್ರಾಣದಿಂದ ಜೋಳ ತೆಗೆಯುವುದು ಪಾಪ. ಕೂಸನ್ನು ತಾಯಿಯಿಂದ ಕಿತ್ತು ಹರಾಜು ಹಾಕುವುದು ಮಾತ್ರ ವ್ಯಾಪಾರ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರಲ್ಲೇ ತನ್ನ ಆತ್ಮಕಥೆಯ ಕೊನೆಗೆ, ಕ್ರಿಸ್ತನ ಧರ್ಮ ಬೇರೆ, ಈ ನಾಡಿನ ಕ್ರೈಸ್ತಧರ್ಮ ಬೇರೆ ಎಂದು ಬರೆದಿಟ್ಟ. ಹಾಗಾಗಿ ಇಲ್ಲಿ 'ನಾನು ಪಾಪಿ' ಎಂದು ಒಬ್ಬ ಕರಿಯ ಹುಡುಗ ಹೇಳಿದಾಗ, ಆ ಮಾತಿನ ಹಿಂದೆ 'ಯಾರ ಲೆಕ್ಕದಲ್ಲಿ?' ಎಂಬ ಪ್ರಶ್ನೆ ತಾನಾಗಿ ಬರುತ್ತದೆ.

ಹಳೆಯ ಕತೆ ಎನ್ನಬೇಡಿ. ಅಮೆರಿಕದ 1986ರ ಕಾನೂನನ್ನು ನೋಡಿ. ಮಾರಲೆಂದು 5 ಗ್ರಾಂ ಕ್ರ್ಯಾಕ್ (ಸೇದುವ ಬಗೆಯ ಕೊಕೇನ್) ಇಟ್ಟುಕೊಂಡು ಸಿಕ್ಕಿಬಿದ್ದರೆ ಕನಿಷ್ಠ 5 ವರ್ಷ ಜೈಲು. ಪುಡಿ ಕೊಕೇನ್ ಆದರೆ ಅದೇ ಶಿಕ್ಷೆಗೆ 500 ಗ್ರಾಂ ಬೇಕು. ಎರಡೂ ಒಂದೇ ಮಾದಕ ವಸ್ತು. ಕ್ರ್ಯಾಕ್ ಕೇಸಿನಲ್ಲಿ ಒಳಗೆ ಹೋದವರು ಬಹುಪಾಲು ಕರಿಯರು. 2010ರಲ್ಲಿ ತಿದ್ದಿದಾಗಲೂ 100ಕ್ಕೆ 1 ಇದ್ದದ್ದು 18ಕ್ಕೆ 1 ಆಯಿತೇ ಹೊರತು ಸಮ ಆಗಲಿಲ್ಲ. ಡಿಎಂಎಕ್ಸ್ ಬೆಳೆದದ್ದು ಅದೇ ವರ್ಷಗಳಲ್ಲಿ, ನ್ಯೂಯಾರ್ಕ್ ಪಕ್ಕದ ಯಾಂಕರ್ಸ್‌ನಲ್ಲಿ. 14ನೇ ವಯಸ್ಸಿಗೆ, ತಾನು ನಂಬಿದ್ದ ಒಬ್ಬ ದೊಡ್ಡವನು ಗಾಂಜಾದಲ್ಲಿ ಕ್ರ್ಯಾಕ್ ಬೆರೆಸಿ, ಹೇಳದೆ ಸೇದಿಸಿದ ಎಂದು 2020ರಲ್ಲಿ ಅವನೇ ಹೇಳಿಕೊಂಡ. ಅದನ್ನು ಹೇಳುವಾಗ ಅತ್ತ. ಮರುವರ್ಷ ಏಪ್ರಿಲ್ 9ರಂದು 50ರ ಪ್ರಾಯದಲ್ಲಿ ತೀರಿಕೊಂಡ. 'ಮತ್ತೆ ಮಾಡದಿರುವುದೇ ಪಶ್ಚಾತ್ತಾಪ' ಎಂದಿರಿ. ಚಟದಲ್ಲಿ ಸಿಕ್ಕವನು ದಿನಾ ಬಿಡುತ್ತಾನೆ, ದಿನಾ ಬೀಳುತ್ತಾನೆ. ಅವನ ಪ್ರಾರ್ಥನೆ ಆಲ್ಬಂನಿಂದ ಆಲ್ಬಂಗೆ ಮತ್ತೆ ಮತ್ತೆ ಬಂದದ್ದು ಅದಕ್ಕೇ ಎಂದು ನನ್ನ ನಂಬಿಕೆ.

ಬೀಟ್ ಬಸವ (ದಾವಣಗೆರೆ):

ಇದಕ್ಕೆ ಸೇರಿಸಿ ಒಂದು. ಕಾನ್ಯೆ ವೆಸ್ಟ್‌ನ 2004ರ 'ಜೀಸಸ್ ವಾಕ್ಸ್' ಹಾಡಲ್ಲಿ ಹಿಂದೆ ಬರೋ ಸಾಮೂಹಿಕ ಗಾಯನ ಇದೆಯಲ್ಲ, ಅದು ಹಾರ್ಲೆಮ್‌ನ ಎಆರ್‌ಸಿ ಕಾಯರ್‌ದು. ಮಾದಕ ವ್ಯಸನಿಗಳ ಪುನರ್ವಸತಿ ಕೇಂದ್ರದ ಗಾಯನ ತಂಡ ಅದು. ಚಟದಿಂದ ಎದ್ದು ಬರ್ತಿರೋರೇ ಹಾಡಿದ್ದು. ಕರ್ತನೇ ನನ್ನ ಜೊತೆ ನಡಿ ಅಂತ ಅವರು ಕೇಳ್ತಿದ್ರೆ ಆ ನಡಿಗೆಯ ಅರ್ಥಾನೇ ಬೇರೆ. ಕಾನ್ಯೆ ಆಮೇಲೆ ಏನೇನು ಮಾತಾಡಿದ ಅನ್ನೋದು ಎಲ್ಲರಿಗೂ ಗೊತ್ತು, 2022ರಲ್ಲಿ ಯೆಹೂದ್ಯರ ಬಗ್ಗೆ ಆಡಿದ್ದನ್ನ ನಾನು ಒಪ್ಪಲ್ಲ. ಆದ್ರೆ ಆ ಗಾಯನ ತಂಡದ ದನಿ ಅವನ ಆಸ್ತಿ ಅಲ್ಲ.

ಶರಾವತಿ (ಸಾಗರ):

ಎಲ್ಲ ಓದಿದೆ. ಒಂದು ಮಾತು ಯಾರೂ ಎತ್ತಲಿಲ್ಲ ಅಂತ ಬರೀತಿದ್ದೇನೆ.

ಈ ಹಾಡುಗಳಲ್ಲಿ ಗಂಡಸು ದೇವರ ಹತ್ತಿರ ಕ್ಷಮೆ ಕೇಳ್ತಾನೆ. ಯಾವುದಕ್ಕೆ? ಕೊಂದದ್ದಕ್ಕೆ, ಕದ್ದದ್ದಕ್ಕೆ, ಕುಡಿದದ್ದಕ್ಕೆ. ಹೆಂಗಸರ ಮೇಲೆ ಆಡಿದ ಮಾತು, ಮಾಡಿದ ಕೆಲಸ ಪಾಪದ ಪಟ್ಟಿಗೆ ಸೇರುವುದೇ ಅಪರೂಪ. ಡಿಎಂಎಕ್ಸ್‌ನ ಪ್ರಾರ್ಥನೆ ಕೇಳಿ ನನಗೂ ಗಂಟಲು ಕಟ್ಟಿದೆ. ಆದರೆ ಅದೇ ಆಲ್ಬಂನಲ್ಲಿ ಅತ್ಯಾಚಾರದ ಬೆದರಿಕೆಯ ಸಾಲು ಕೇಳಿ ಪ್ಲೇಯರ್ ಆಫ್ ಮಾಡಿದ್ದೂ ನಾನೇ. ಆ ಸಾಲಿಗೆ ಪ್ರಾರ್ಥನೆಯಲ್ಲಿ ಉತ್ತರ ಸಿಗಲಿಲ್ಲ ನನಗೆ.

ಇಲ್ಲಿ ಇಬ್ಬರ ಹೆಸರು ಹೇಳ್ತೇನೆ. ಒಂದು, ಲೆಕ್ರೇ. ಬಹಿರಂಗವಾಗಿ ಕ್ರೈಸ್ತ ರ‍್ಯಾಪರ್, 2014ರಲ್ಲಿ ಅವನ 'ಅನಾಮಲಿ' ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು. ಅದರ ಒಂದು ಹಾಡಿನಲ್ಲಿ, ತನ್ನ ಗೆಳತಿ ಗರ್ಭಿಣಿಯಾದಾಗ ತನ್ನ ಅನುಕೂಲಕ್ಕಾಗಿ ಅವಳನ್ನು ಗರ್ಭಪಾತದ ಕಡೆಗೆ ತಳ್ಳಿದೆ ಅಂತ ಒಪ್ಪಿಕೊಳ್ತಾನೆ. ಗರ್ಭಪಾತದ ಬಗ್ಗೆ ನನ್ನ ಅಭಿಪ್ರಾಯ ಬೇರೆ, ಅದಿರಲಿ. ಅವನು ಅವಳನ್ನು ದೂರಲಿಲ್ಲ, ನಾನು ಸ್ವಾರ್ಥಿಯಾಗಿದ್ದೆ ಅಂದ. ಅದೇ ಹಾಡಿನ ಇನ್ನೊಂದು ಭಾಗದಲ್ಲಿ ಬಾಲ್ಯದಲ್ಲಿ ತನ್ನ ಮೇಲೆ ನಡೆದ ಲೈಂಗಿಕ ದೌರ್ಜನ್ಯ ಹೇಳ್ತಾನೆ. ಮಾಡಿದ್ದು, ತನಗೆ ಮಾಡಲ್ಪಟ್ಟದ್ದು, ಎರಡನ್ನೂ ಒಂದೇ ಹಾಡಿನಲ್ಲಿ ಇಟ್ಟರೂ ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಲಿಲ್ಲ.

ಎರಡನೆಯದು ಕೆಂಡ್ರಿಕ್. 2011ರಲ್ಲಿ ಅವನು ಕೀಶಾ ಎಂಬ ಹುಡುಗಿಯ ಬದುಕು, ಸಾವಿನ ಬಗ್ಗೆ ಹಾಡಿದ. ಮೈ ಮಾರಿ ಬದುಕುತ್ತಿದ್ದವಳು. ಮರುವರ್ಷದ ಆಲ್ಬಂನಲ್ಲಿ ಹನ್ನೆರಡು ನಿಮಿಷದ ಒಂದು ಹಾಡಿದೆ. ಅದರ ನಡುವೆ ಕೀಶಾಳ ತಂಗಿ ಬಂದು ಅವನನ್ನೇ ತರಾಟೆಗೆ ತೆಗೆದುಕೊಳ್ತಾಳೆ: ನನ್ನ ಅಕ್ಕನ ಮಾನ ಹಾಡಿನಲ್ಲಿ ಹಾಕಲಿಕ್ಕೆ ನೀನ್ಯಾರು? ನಾನು ಅಳಿಸಿಹೋಗುವವಳಲ್ಲ ಅಂತ ಹೇಳ್ತಾ ಹೇಳ್ತಾ ಅವಳ ದನಿಯೇ ಮೆಲ್ಲಗೆ ಅಳಿಸಿಹೋಗ್ತದೆ. ಹಾಡು ಕಟ್ಟಿದವನೇ ಆ ದನಿಯನ್ನು ಇಳಿಸಿದ್ದು. ತನ್ನ ಪಾಪವನ್ನು ಮಾತಿನಲ್ಲಿ ಹೇಳದೆ ಮಾಡಿಯೇ ತೋರಿಸಿದ ಹಾಗೆ. ನಾನು ರಾತ್ರಿ ಪಾತ್ರೆ ತೊಳೀತಾ ಕೇಳ್ತಿದ್ದೆ, ನಲ್ಲಿ ನಿಲ್ಲಿಸಿ ನಿಂತುಬಿಟ್ಟೆ.

ಪಡುವಣ ಗಾಳಿ (ಮಂಗಳೂರು):

ಶರಾವತಿಯವರೇ, ನಾನು ಆ ಸಾಲುಗಳನ್ನು ಹಾರಿಸಿ ಕೇಳುತ್ತಿದ್ದೆ. ಹಾರಿಸುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ, ನೀವು ಹೇಳಿದ ಮೇಲೆ ಗೊತ್ತಾಯ್ತು.

ನೀವು ಹೇಳಿದ ಹನ್ನೆರಡು ನಿಮಿಷದ ಹಾಡಿನ ಬಗ್ಗೆಯೇ ನಾನು ಮಾತಾಡಬೇಕು ಅಂತಿದ್ದದ್ದು. ಗೊತ್ತಿಲ್ಲದವರಿಗೆ ಹೇಳ್ತೇನೆ. ಲಾಸ್ ಏಂಜಲೀಸ್ ಪಕ್ಕದ ಕಾಂಪ್ಟನ್‌ನ ಹುಡುಗರು, ಅವರ ಗೆಳೆಯನೊಬ್ಬ ಗುಂಡಿಗೆ ಸತ್ತಿದ್ದಾನೆ, ಸೇಡು ತೀರಿಸಲಿಕ್ಕೆ ಹೊರಟಿದ್ದಾರೆ. ಹಾಡಿನ ಕೊನೆಗೆ ಒಬ್ಬ ಅಜ್ಜಿ ಎದುರಾಗ್ತಾಳೆ. ಕೈಯಲ್ಲಿರುವುದನ್ನು ನೋಡ್ತಾಳೆ. ನಿಮಗೆ ಬಾಯಾರಿದೆ ಮಕ್ಕಳೇ, ನಿಮಗೆ ಬೇಕಾದ್ದು ಪವಿತ್ರ ಜಲ ಅಂತಾಳೆ, ಅವರ ಬಾಯಲ್ಲೇ ಪಶ್ಚಾತ್ತಾಪದ ಪ್ರಾರ್ಥನೆ ಹೇಳಿಸ್ತಾಳೆ. ಆ ಅಜ್ಜಿಯ ದನಿ ಕವಯಿತ್ರಿ ಮಾಯಾ ಏಂಜೆಲೋ ಅವರದ್ದು. ಈಗ ಆಲ್ಬಂನ ಮೊದಲಿಗೆ ಹೋಗಿ: ಶುರುವಾಗುವುದೇ ಆ ಹುಡುಗರ ಅದೇ ಪ್ರಾರ್ಥನೆಯಿಂದ. ಮೊದಲ ಸಲ ಕೇಳಿದಾಗ ಯಾರು, ಯಾಕೆ ಅಂತ ಗೊತ್ತಾಗುವುದಿಲ್ಲ. ಕೊನೆ ಮುಟ್ಟಿದ ಮೇಲೆ ಗೊತ್ತಾಗ್ತದೆ. ಅಂದರೆ ನಡುವೆ ನಾವು ಕೇಳಿದ ಕಳ್ಳತನ, ಕಾಮ, ಗುಂಡೇಟು ಎಲ್ಲ ಕ್ಷಮೆ ಕೇಳಿದವನೊಬ್ಬ ಹಿಂತಿರುಗಿ ನೋಡಿ ಹೇಳಿದ್ದು. ನಮ್ಮಲ್ಲಿ ಪಾಪನಿವೇದನೆಗೆ ಮೊದಲು ಆತ್ಮಶೋಧನೆ ಮಾಡಬೇಕು ಅಂತ ಕಲಿಸ್ತಾರೆ, ಒಂದೊಂದನ್ನೂ ಹೆಸರು ಹಿಡಿದು ನೆನಪಿಸಿಕೊಳ್ಳಬೇಕು. ಆ ಆಲ್ಬಂ ಪೂರ್ತಿ ಅದೇ.

ನಾನು ಸಿಕ್ಕಿಹಾಕಿಕೊಂಡದ್ದು ಅದರಲ್ಲಲ್ಲ, ಕೆಂಡ್ರಿಕ್‌ನ 2017ರ ಆಲ್ಬಂನಲ್ಲಿ. 'ಡ್ಯಾಮ್'. ಏಪ್ರಿಲ್ 14, ಆ ವರ್ಷದ ಶುಭ ಶುಕ್ರವಾರದಂದೇ ಬಂತು. ಮರುವರ್ಷ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು, ಶಾಸ್ತ್ರೀಯ ಮತ್ತು ಜಾಝ್ ಬಿಟ್ಟು ಬೇರೆ ಸಂಗೀತಕ್ಕೆ ಅದು ಮೊದಲ ಸಲ. ಬಾಗಿಲಲ್ಲೇ ಒಂದು ಪ್ರಶ್ನೆ ಇಟ್ಟಿದ್ದಾನೆ, ಎರಡು ಇಂಗ್ಲಿಷ್ ಪದಗಳ ಪ್ರಾಸ: ಇದು ವಿಕೆಡ್‌ನೆಸ್ಸೋ, ವೀಕ್‌ನೆಸ್ಸೋ? ಅಲ್ಲಿಂದ ಮುಂದೆ ಹೆಮ್ಮೆ, ವಿನಯ, ಕಾಮ, ಪ್ರೀತಿ, ಭಯ ಅಂತ ಒಂದೊಂದು ಹಾಡು. ಭಯದ ಹಾಡಿನಲ್ಲಿ ಏಳರ ವಯಸ್ಸಿನಲ್ಲಿ ಅಮ್ಮನ ಹೊಡೆತದ ಭಯ, ಹದಿನೇಳಕ್ಕೆ ಸಾಯುವ ಭಯ, ಇಪ್ಪತ್ತೇಳಕ್ಕೆ ಸಿಕ್ಕಿದ್ದೆಲ್ಲ ಕಳೆದುಕೊಳ್ಳುವ ಭಯ. ಧರ್ಮೋಪದೇಶಕಾಂಡದ 28ನೇ ಅಧ್ಯಾಯದ ಶಾಪವೂ ಅದರಲ್ಲಿ ಬರ್ತದೆ, ಮಾತು ಮೀರಿದವರಿಗೆ ಹುಚ್ಚು, ಕುರುಡು ಹಿಡಿಸುವ ದೇವರು.

ಆ ಪ್ರಶ್ನೆಯನ್ನು ಕನ್ನಡಕ್ಕೆ ತರುವುದು ಹೇಗೆ? 'ದುಷ್ಟತನವೋ ದೌರ್ಬಲ್ಯವೋ' ಅಂತ ಬರೆದೆ, ಪಠ್ಯಪುಸ್ತಕದ ಹಾಗೆ ಕೇಳಿಸಿತು. ಮೂರು ದಿನ ಆಯ್ತು, ಇನ್ನೂ ಅಲ್ಲೇ ಇದ್ದೇನೆ.

ಸಾಧನಕೇರಿ ಅಕ್ಕ (ಧಾರವಾಡ):

ತಮ್ಮಾ, ನಮ್ಮ ಕನ್ನಡದಾಗ ಎರಡು ಪದ ಬೇಕಾಗಿಲ್ಲ ಅನಸ್ತೈತಿ ನನಗ.

ಕಳ್ಳತನ ಮಾಡಿದ್ರ ಏನಂತೇವಿ? ಪಾಪ ಮಾಡಿದಿ ಅಂತೇವಿ. ಕಳ್ಳನ್ನ ಕಂಬಕ್ಕ ಕಟ್ಟಿ ಹೊಡಿಯಾಕತ್ತಿದ್ರ ನೋಡಿ ಏನಂತೇವಿ? ಅಯ್ಯೋ ಪಾಪ ಅಂತೇವಿ. ಒಂದೇ ಮಾತು. ಅವನ ಕೇಡಿಗೂ ಅದ, ಅವನ ಮ್ಯಾಲಿನ ಮರುಕಕ್ಕೂ ಅದ. ಇಂಗ್ಲಿಷಿನ್ಯಾಗ ಅದನ್ನ ಹೇಳಾಕ ಅಂವಗ ಎರಡು ಪದ ಜೋಡಿಸಬೇಕಾತು, ಪ್ರಾಸ ಹುಡುಕಬೇಕಾತು. ಕನ್ನಡದ ಅಜ್ಜಿ ಆಗಿದ್ರ ಆ ಹುಡುಗರ ಕೈಯಾಗಿನ ಬಂದೂಕು ನೋಡಿ ಒಂದೇ ಉಸಿರಿಗೆ ಎರಡೂ ಅಂತಿದ್ಲು. ಪಾಪ ಕಟ್ಕೋಬ್ಯಾಡ್ರೋ ಪಾಪದ ಮಕ್ಕಳ್ರ್ಯಾ, ಅಂತ.

ನಾ ಇಷ್ಟು ವರ್ಷ ಸಭೆಯೊಳಗ ಪಾಪಿ, ಪಾಪಿ ಅಂತ ಹಾಡೇನಿ. ನಿನ್ನ ಪ್ರಶ್ನೆ ಬರೋತನಕ ಇದು ಹೊಳದಿರಲಿಲ್ಲ.

ಓಕ್‌ಲ್ಯಾಂಡ್ ಕನ್ನಡಿಗ:

ಅಕ್ಕಾ, ಇದನ್ನು ಓದಿ ಸುಮ್ಮನೆ ಕೂತಿದ್ದೇನೆ.

ನಿವೃತ್ತ ಮೇಷ್ಟ್ರು (ತುಮಕೂರು):

ತಾಯಿ, ನಿಮ್ಮ ಮಾತು ಬಹಳ ಹಿಡಿಸಿತು. ಹಿಡಿಸಿದ್ದರಿಂದಲೇ ಹೆದರಿಕೆಯೂ ಆಯಿತು. ಮರುಕ ಹೆಚ್ಚಾದರೆ ಹೊಣೆ ಕಳೆದುಹೋಗುವುದಿಲ್ಲವೇ? ಮೂವತ್ತೆರಡು ವರ್ಷ ಪಾಠ ಮಾಡಿದ್ದೇನೆ. 'ಪಾಪ, ಮನೆಯಲ್ಲಿ ಕಷ್ಟ' ಎಂದು ಒಬ್ಬ ಹುಡುಗನನ್ನು ಬಿಟ್ಟುಬಿಟ್ಟೆ, ಅವನು ದಿನಾ ಇನ್ನೊಬ್ಬ ಸಣ್ಣ ಹುಡುಗನನ್ನು ಹೊಡೆಯುತ್ತಿದ್ದ. ಆ ಸಣ್ಣವನು ಶಾಲೆ ಬಿಟ್ಟ. ನನ್ನ 'ಪಾಪ' ಅವನಿಗೆ ತಲುಪಲಿಲ್ಲ.

ಶರಾವತಿ (ಸಾಗರ):

ಮೇಷ್ಟ್ರು ಹೇಳಿದ್ದೇ ನನ್ನ ಮಾತು. 'ಅಯ್ಯೋ ಪಾಪ' ಅಂತ ಯಾರನ್ನು ನೋಡಿ ಹೇಳ್ತೇವೆ? ಹಾಡಿನಲ್ಲಿ ದನಿ ಇರುವವನನ್ನು ನೋಡಿ. ಕೀಶಾಳ ತಂಗಿಗೆ ದನಿ ಕೊಟ್ಟದ್ದಕ್ಕೇ ಆ ಹಾಡು ದೊಡ್ಡದು.

ಓಕ್‌ಲ್ಯಾಂಡ್ ಕನ್ನಡಿಗ:

ಇಲ್ಲಿ ಪ್ರಾಪಗಾಂಡ ಎಂಬ ಹೆಸರಿನ ರ‍್ಯಾಪರ್ ನೆನಪಾಗುತ್ತಾನೆ. ಕ್ರೈಸ್ತ ಹಿಪ್-ಹಾಪ್‌ನೊಳಗೆ ಸೈದ್ಧಾಂತಿಕವಾಗಿ ಬಹಳ ಗಟ್ಟಿ ಗುಂಪೊಂದಿದೆ, ಹಳೆಯ ಪ್ಯೂರಿಟನ್ (ಬಹಳ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟ್) ಪಾದ್ರಿಗಳನ್ನು ಓದಿ ಹಾಡು ಕಟ್ಟುವವರು. 2012ರಲ್ಲಿ ಅವನು 'ಪ್ರೆಷಸ್ ಪ್ಯೂರಿಟನ್ಸ್' ಮಾಡಿದ. ಪಾಸ್ಟರ್‌ಗಳೇ, ನೀವು ಪ್ರೀತಿಯಿಂದ ಉದ್ಧರಿಸುವ ಆ ಭಕ್ತರು ನನ್ನ ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು, ನಿಮ್ಮ ಮಾತು ನನ್ನ ಕಿವಿಗೆ ಹೇಗೆ ಬೀಳುತ್ತದೆ ಗೊತ್ತೇ ಎಂದು ಕೇಳಿದ. ದೊಡ್ಡ ಗಲಾಟೆಯಾಯಿತು. ನನಗೆ ಮುಖ್ಯವಾದದ್ದು ಕೊನೆ. ಅವನು ಬೆರಳನ್ನು ತನ್ನ ಕಡೆಗೂ ತಿರುಗಿಸುತ್ತಾನೆ, ದೇವರು ಸೊಟ್ಟ ಕೋಲಿನಿಂದಲೇ ನೇರ ಗೆರೆ ಎಳೆಯುತ್ತಾನೆ ಎನ್ನುತ್ತಾನೆ. ಹಾಗೆಂದು ಗುಲಾಮರ ಹೆಸರನ್ನು ಹಾಡಿನಿಂದ ತೆಗೆಯುವುದಿಲ್ಲ. ಮೇಷ್ಟ್ರೇ, ಹೊಣೆಯೂ ಮರುಕವೂ ಒಂದೇ ಹಾಡಿನಲ್ಲಿ ಇರಬಲ್ಲವು. ಕಷ್ಟ, ಆದರೆ ಸಾಧ್ಯ.

ಬೀಟ್ ಬಸವ (ದಾವಣಗೆರೆ):

ಮೇಷ್ಟ್ರೇ, ನಿಮಗೆ 'ಡ್ಯಾಮ್'ನ ಕೊನೇ ಹಾಡಿನ ಕತೆ ಹೇಳ್ಲೇಬೇಕು. 'ಡಕ್‌ವರ್ತ್' ಅಂತ, ಕೆಂಡ್ರಿಕ್‌ನ ಮನೆತನದ ಹೆಸರು.

ಅವನಪ್ಪ ಕೆಎಫ್‌ಸಿ ಅಂಗಡಿಯ ಕಿಟಕೀಲಿ ಕೆಲಸ ಮಾಡ್ತಿದ್ದ. ಆಂಥನಿ ಟಿಫಿತ್ ಅನ್ನೋ ರೌಡಿ ಅಲ್ಲಿಗೆ ಬರ್ತಿದ್ದ. ಅವನು ಆ ಅಂಗಡೀನ ದೋಚೋ ಪ್ಲಾನ್‌ನಲ್ಲಿದ್ದ, ಹಿಂದೆ ಒಂದು ಸಲ ಅಲ್ಲಿ ಗುಂಡು ಹಾರಿದ್ದೂ ಇತ್ತು. ಅಪ್ಪನಿಗೆ ಅವನು ಯಾರು ಅಂತ ಗೊತ್ತು. ಅದಕ್ಕೆ ಅವನು ಬಂದಾಗೆಲ್ಲ ಪುಕ್ಕಟೆ ಕೋಳಿ ಕೊಡ್ತಿದ್ದ, ಜೊತೆಗೆ ಎರಡು ಬಿಸ್ಕೆಟ್ ಹೆಚ್ಚಿಗೆ. ದರೋಡೆ ದಿನ ಟಿಫಿತ್ ಅವನನ್ನ ಏನೂ ಮಾಡಲಿಲ್ಲ. ಇಪ್ಪತ್ತು ವರ್ಷದ ಮೇಲೆ ಅದೇ ಟಿಫಿತ್ ಕೆಂಡ್ರಿಕ್‌ನ ಹಾಡು ಹೊರತಂದ ಕಂಪನಿಯ ಯಜಮಾನ. ಅವತ್ತು ಗುಂಡು ಹಾರಿದ್ರೆ ಅವನು ಜೈಲಲ್ಲಿ ಇರ್ತಿದ್ದ, ನಾನು ಅಪ್ಪ ಇಲ್ಲದೆ ಬೆಳೆದು ಗುಂಡಿಗೆ ಸಾಯ್ತಿದ್ದೆ ಅಂತ ಹಾಡು ನಿಲ್ಲುತ್ತೆ. ಗುಂಡಿನ ಸದ್ದು. ಆಮೇಲೆ ಟೇಪ್ ಹಿಂದಕ್ಕೆ ಸುತ್ತಿ ಆಲ್ಬಂನ ಮೊದಲ ಸಾಲಿಗೆ ಬರುತ್ತೆ.

ಅಲ್ಲಿ ಮರುಕ ಮಾತಲ್ಲಿಲ್ಲ, ಎರಡು ಬಿಸ್ಕೆಟ್‌ನಲ್ಲಿದೆ. ಅಪ್ಪನ ಭಯಾನೂ ಅದರಲ್ಲೇ ಇದೆ. ನೀವು ಆ ಹುಡುಗನ್ನ ಬಿಟ್ಟಿದ್ದು ತಪ್ಪು ಅಂತ ನನಗೆ ಹೇಳೋಕಾಗಲ್ಲ ಮೇಷ್ಟ್ರೇ.

ನಿವೃತ್ತ ಮೇಷ್ಟ್ರು (ತುಮಕೂರು):

ಬಸವರಾಜ, ಮೊಮ್ಮಗನಿಗೆ ಹೇಳಿ ಈ ಹಾಡನ್ನು ಹಾಕಿಸಿಕೊಂಡು ಕೇಳಿದೆ. ಮಾತುಗಳು ಬೇಗ ಬೇಗ ಹೋಗುತ್ತವೆ, ಅವನು ನಿಲ್ಲಿಸಿ ನಿಲ್ಲಿಸಿ ಹೇಳಿದ. ಎರಡು ಸಲ ಕೇಳಿದೆವು. ಶಾಲೆ ಬಿಟ್ಟ ಆ ಸಣ್ಣ ಹುಡುಗ ಈಗ ತಿಪಟೂರಿನಲ್ಲಿದ್ದಾನೆಂದು ಯಾರೋ ಹೇಳಿದ್ದರು. ಹೋಗಿ ನೋಡಬೇಕು.

ಪಡುವಣ ಗಾಳಿ (ಮಂಗಳೂರು):

ನಿನ್ನೆ ಆಯ್ತು ಕೂಟ. ಎಲ್ಲರಿಗೂ ತಿಳಿಸಬೇಕು ಅಂತ ಬಂದೆ.

ಅಜ್ಜಿಯ ಪ್ರಾರ್ಥನೆ ಮಾತ್ರ ಕೇಳಿಸುವ ಯೋಚನೆ ಇತ್ತು. ಶರಾವತಿಯವರು ಬರೆದ ಮೇಲೆ ಕೀಶಾಳ ತಂಗಿಯ ಭಾಗವನ್ನೂ ಕೇಳಿಸಿದೆ, ದನಿ ಅಳಿಸಿಹೋಗುವವರೆಗೆ. ಹಿಂದಿನ ವಾರದ ಆಲ್ಬಂನಲ್ಲಿ ನಾನು ಹಾರಿಸುತ್ತಿದ್ದ ಸಾಲುಗಳ ಬಗ್ಗೆಯೂ ಹೇಳಿದೆ. ಕೂಟದಲ್ಲಿ ಏಳು ಹುಡುಗಿಯರಿದ್ದಾರೆ, ಮೊದಲ ಸಲ ಅವರೇ ಹೆಚ್ಚು ಮಾತಾಡಿದರು. ಒಬ್ಬಳು ಕೇಳಿದಳು: ಅವನನ್ನು ದೇವರು ಕ್ಷಮಿಸಿದರೆ ಸಾಕಾ, ಅವಳು ಕ್ಷಮಿಸುವುದು ಬೇಡವಾ? ನಮ್ಮ ಗುರುಗಳು ಅಲ್ಲೇ ಇದ್ದರು. ಪಾಪನಿವೇದನೆಯಲ್ಲಿ ಪ್ರಾಯಶ್ಚಿತ್ತ ಅಂತ ಒಂದಿದೆ, ಕದ್ದದ್ದನ್ನು ಹಿಂದೆ ಕೊಡದೆ ಅದು ಪೂರ್ತಿ ಆಗುವುದಿಲ್ಲ ಅಂದರು. ಅವಳ ದನಿಯನ್ನು ಹಿಂದೆ ಕೊಡುವುದು ಹೇಗೆ ಅಂತ ಅವಳು ಮತ್ತೆ ಕೇಳಿದಳು. ಯೋಚಿಸಿ ಹೇಳ್ತೇನೆ ಅಂದಿದ್ದಾರೆ.

ಹಿರಿಯರು ಬಂದಿದ್ದರು. ಡಿಎಂಎಕ್ಸ್ ಬಗ್ಗೆ ಅವರ ಅಭಿಪ್ರಾಯ ಬದಲಾಗಿಲ್ಲ, ಮುಖದ ಮೇಲೇ ಹೇಳಿದರು. ಆದರೆ ಅಕ್ಕನ 'ಪಾಪ'ದ ಮಾತು ಹೇಳಿದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಆ ಪ್ರಶ್ನೆಯ ಅನುವಾದವನ್ನು ಬರೆದು ಕೊಡು ಅಂದಿದ್ದಾರೆ. ನಾನು ಈಗ ಬರೆದದ್ದು ಹೀಗೆ: "ನಾನು ಕೆಟ್ಟವನಾ, ಕೆಟ್ಟುಹೋದವನಾ?" ಸರಿ ಇದೆಯಾ ಅಕ್ಕಾ?

ಸಾಧನಕೇರಿ ಅಕ್ಕ (ಧಾರವಾಡ):

ಛಲೋ ಆಗೈತಿ ತಮ್ಮಾ. ಹಂಗ ಬರದು ಕೊಡು. ಮುಂದಿನ ವಾರ ನಮ್ಮ ಸಭೆಯ ಹುಡುಗರಿಗೂ ಕೇಳಸ್ತೇನಿ. ಆ ಹುಡುಗಿ ಪ್ರಶ್ನೆಗೆ ಗುರುಗಳು ಏನಂದ್ರು ಅಂತ ತಿಳಸೂದು ಮರೀಬ್ಯಾಡ.